ಹೆಣ್ಣುಮಕ್ಕಳ ತಾಸು

ಕಳೆದ ವಾರ ನಗರಸಭೆಯವರು ನಮ್ಮ ಅಂಗಡಿ ಮುಂದಿನ ಗಟಾರಕ್ಕೆ ಬ್ಲೀಚಿಂಗ್ ಪುಡಿ ಚೆಲ್ಲಿ ಹೋದರು. ಬಿಸಿಲಿಗೆ ಅದರ ವಾಸನೆ ಎದ್ದು ಅಂಗಡಿಯೊಳಗೆಲ್ಲ ತುಂಬಿತು. ಸೀರೆ ನೋಡುತ್ತ ಕೂತಿದ್ದ ಗಿರಾಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ ನಾತರೀ ಯವ್ವಾ ಇದು, ಫ್ಯಾನರ ಜೋರ್ ಮಾಡ್ರಿ" ಅಂದರು. ನಾನು ಫ್ಯಾನು ಜೋರು ಮಾಡಲಿಲ್ಲ. ಮಡಿಕೆ ಬಿಚ್ಚಿದ್ದ ಸೀರೆಯ ಮೇಲೆ ಕೈಯಿಟ್ಟುಕೊಂಡು ಎರಡು ಮೂರು ಸಲ ಉದ್ದಕ್ಕೆ ಉಸಿರೆಳೆದುಕೊಂಡೆ. ಗಿರಾಕಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು.

ನನಗೆ ಅದು ಗಟಾರದ ವಾಸನೆಯಾಗಿರಲಿಲ್ಲ. ಬೆಳಿಗ್ಗೆ ಹತ್ತೂವರೆಯ ನೀಲಿ ನೀರಿನ ವಾಸನೆ ಅದು. ಒದ್ದೆ ರಬ್ಬರ್ ಟೋಪಿಯದು, ಬಿಸಿಯೇರುತ್ತಿದ್ದ ಫರ್ಶಿ ದಂಡೆಯದು. ಆ ದಂಡೆಯ ಮೇಲೆ ಬರಿಗಾಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ ಒಬ್ಬ ಹಿರಿಯ ಹೆಣ್ಣುಮಗಳನ್ನು ಅದು ಕರೆದುಕೊಂಡು ಬಂದು ನನ್ನ ಗಾದಿಯ ಮುಂದೆ ನಿಲ್ಲಿಸಿತು. ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳೆಲ್ಲರೂ ಅಕ್ಕೋರೇ. ಅವರು ಮೂವತ್ತು ವರ್ಷ ಸರಕಾರಿ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು...

ನನ್ನ ಬಗ್ಗೆಯೂ ಎರಡು ಮಾತು ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ನಾನು ಓದಿದ್ದು ಏಳನೆಯ ಇಯತ್ತೆ. ಹುನಗುಂದದ ಸಂತೆಯಲ್ಲಿ ಗೋಣಿತಾಟು ಹಾಸಿ ಖಣ ಮಾರಿದವಳು. ಆಮೇಲೆ ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಮನೆಮನೆ ತಿರುಗಿ ಸೀರೆ ಆರಿಸಿ ತಂದು, ಬಾಗಲಕೋಟೆಯ ನವನಗರದಲ್ಲಿ ಬಾಗಿಲಿದ್ದ ಅಂಗಡಿ ಹಾಕಿದವಳು. ಯಾರೂ ಕೈಹಿಡಿದು ನಡೆಸಲಿಲ್ಲ. ಬಾಯಿ ಇತ್ತು, ಬದುಕಿದೆ. ಇಪ್ಪತ್ತು ವರ್ಷ ಕಾಲು ಮಡಚಿ ಗಾದಿಯ ಮೇಲೆ ಕೂತದ್ದಕ್ಕೆ ನಲವತ್ಮೂರನೆಯ ವಯಸ್ಸಿಗೆ ಸೊಂಟ ಹಿಡಿಯಿತು. ಡಾಕ್ಟರು ಸೊಂಟದ ಎಕ್ಸ್‌ರೇ ಫೋಟೋ ಹಿಡಿದು ಬೆಳಕಿಗೆ ನೋಡಿ, "ಈಜು ಕಲೀರಿ, ಗುಳಿಗಿಗಿಂತ ಅದು ಛಲೋ" ಅಂದರು.

ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮ ಯಜಮಾನರು ರೊಟ್ಟಿ ಮುರಿಯುವುದನ್ನು ಬಿಟ್ಟು ನಕ್ಕರು. "ಎಮ್ಮಿ ನೀರಿಗಿಳಿದ್ರ ಹೊಳ್ಳಿ ಮ್ಯಾಲ ಬರಂಗಿಲ್ಲ, ನೋಡ್ಕೊ ಮತ್ತ."

"ಎಮ್ಮಿಗರ ಈಸಾಕ ಬರತೈತಿ. ನಿಮಗ ಬರತೈತೇನು?" ಅಂದೆ. ಮರುದಿನವೇ ಹೊರಟೆ.

ಊರ ಅಂಚಿನಲ್ಲಿ ಒಬ್ಬರು ಖಾಸಗಿಯಾಗಿ ಕಟ್ಟಿಸಿದ ಈಜುಗೊಳ ಅದು. ಇಪ್ಪತ್ತೈದು ಮೀಟರ್ ಉದ್ದ. ದಿನಾ ಹತ್ತೂವರೆಯಿಂದ ಹನ್ನೊಂದೂವರೆವರೆಗೆ ಹೆಣ್ಣುಮಕ್ಕಳ ತಾಸು. ಆ ಹೊತ್ತಿಗೆ ಗಂಡಸರು ಯಾರೂ ಒಳಗೆ ಬರುವ ಹಾಗಿರಲಿಲ್ಲ, ಕಾವಲಿನವ ಕೂಡ ಗೇಟಿನ ಹೊರಗೆ ಕುರ್ಚಿ ಹಾಕಿಕೊಳ್ಳುತ್ತಿದ್ದ. ಅಕ್ಕೋರು ಅಲ್ಲಿ ಕಲಿಸುತ್ತಿದ್ದರು. ಅರವತ್ತು ದಾಟಿದ ತೆಳ್ಳಗಿನ ದೇಹ, ಮೊಣಕಾಲವರೆಗಿನ ಕಪ್ಪು ಈಜುಡುಗೆ, ಬೆನ್ನು ಮಾತ್ರ ಗೋಡೆಗೆ ಹೊಡೆದ ಗಜಕಡ್ಡಿಯಂತೆ ನೆಟ್ಟಗೆ.

ಮೊದಲ ದಿನ ನಾನು ನನ್ನ ಅಭ್ಯಾಸದಂತೆ ಕೇಳಿದೆ. "ಎಷ್ಟ್ ದಿನದಾಗ ಕಲಿಸ್ತೀರ್ರಿ ಅಕ್ಕೋರ?"

"ಮೂರು ತಿಂಗಳು ಬೇಕು."

"ಒಂದೂವರಿ ತಿಂಗಳಿಗೆ ಮಾಡ್ರಿ."

ಅಕ್ಕೋರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀರು ನಮ್ಮಪ್ಪನ ಮನೀದಲ್ಲವಾ, ನಾ ಏನ್ ಕಡಿಮಿ ಮಾಡ್ಲಿ? ಅದನ್ನೇ ಕೇಳು. ಅದು ಒಪ್ಪಿದ್ರ ನಂದೇನೂ ತಕರಾರಿಲ್ಲ."

ಅಂದಿನಿಂದ ನಾನು ಅವರ ಬಾಯಲ್ಲಿ ಸಾವ್ಕಾರ್ತಿಯಾದೆ.

ಅವರು ಈಜು ಕಲಿತದ್ದು ಹಳೆಯ ಬಾಗಲಕೋಟೆಯ ಹೊಳೆಯಲ್ಲಿ. ಅವರಪ್ಪ ಸಂಸ್ಕೃತ ಪಾಠ ಹೇಳುವವರಂತೆ. ಬೆಳಗಿನ ಸ್ನಾನಕ್ಕೆ ಹೋಗುವಾಗ ಮಗಳನ್ನೂ ಕರೆದೊಯ್ದು, ನಡುವಿಗೆ ಧೋತರದ ಚುಂಗು ಕಟ್ಟಿ ನೀರಿಗೆ ಬಿಡುತ್ತಿದ್ದರಂತೆ. ಆ ಮೆಟ್ಟಿಲುಗಳು, ಆ ಓಣಿ, ಅವರು ಹುಟ್ಟಿದ ಮನೆ ಎಲ್ಲವೂ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿವೆ. ಒಮ್ಮೆ ಯಾರೋ ಅದನ್ನು ಕೆದಕಿ ಅಯ್ಯೋ ಅಂದಾಗ ಅಕ್ಕೋರು, "ಮನೀ ಮುಳುಗಿತು, ನಾ ಈಸಿ ಬಂದೆ. ಕಾಲು ಬಡೀರಿ ಸುಮ್ನ" ಅಂದು ಮುಗಿಸಿದ್ದರು. ಆದರೆ ಅವರು ನಮಗೆ ಕಲಿಸಿದ್ದು ಹೊಳೆಯ ಈಜಲ್ಲ. ವ್ಯಾಯಾಮ ಶಿಕ್ಷಕರ ತರಬೇತಿಯಲ್ಲಿ ಅವರು ಕಲಿತ ಫ್ರೀಸ್ಟೈಲ್. ಮುಖ ನೀರಲ್ಲಿ, ಮೈ ಸಪಾಟು, ಒಂದಾದ ಮೇಲೊಂದು ಕೈ.

ದೊಡ್ಡವರಾದ ಮೇಲೆ ನೀರಿಗಿಳಿಯುವವರಿಗೆ ಇಲ್ಲಿ ಎರಡು ಮಾತು ಹೇಳುತ್ತೇನೆ, ಬೇಡ ಅನ್ನಬೇಡಿ. ಈಜುವ ಕನ್ನಡಕ ಕೊಳ್ಳುವಾಗ ದರ ನೋಡಬೇಡಿ. ಪಟ್ಟಿ ಹಾಕಿಕೊಳ್ಳದೆ ಬರೀ ಕಣ್ಣಿಗೆ ಒತ್ತಿ ನೋಡಿ. ಒಂದು ಗಳಿಗೆ ತಾನೇ ಹಿಡಿದು ನಿಂತರೆ ಅದು ನಿಮ್ಮ ಮುಖದ್ದು, ಬಿದ್ದರೆ ಎಷ್ಟು ತುಟ್ಟಿಯದಾದರೂ ಅಂಗಡಿಯವನದ್ದು. ಎರಡನೆಯದು, ಕೈಕಾಲಿಗಿಂತ ಮೊದಲು ಉಸಿರು ಬಿಡುವುದನ್ನು ಕಲಿಯಿರಿ. ನಾನು ಮೊದಲ ಹದಿನೈದು ದಿನ ಉಸಿರನ್ನು ಎದೆಯಲ್ಲಿ ಗಂಟು ಹಾಕಿಕೊಂಡು ನೀರಿಗೆ ಮುಖ ಹಾಕುತ್ತಿದ್ದೆ. ಬಡವರ ಮನೆಯಿಂದ ಬಂದವಳು, ಸಿಕ್ಕಿದ್ದನ್ನು ಬಿಡುವುದು ಹೇಗೆ? ಅರ್ಧ ದಾರಿಗೆ ಎದೆ ಒಡೆದುಹೋಗುವ ಹಾಗಾಗಿ ನಿಂತುಬಿಡುತ್ತಿದ್ದೆ. "ಹಳೀದು ಹೊರಗ ಹೋಗ್ದ ಹೊಸಾದು ಒಳಗ ಹೆಂಗ ಬರಬೇಕವಾ? ನೀರಾಗ ಇದ್ದಾಗನ ಬಿಡು, ಮೂಗಿನಿಂದ, ಸಾವಕಾಶ" ಎಂದು ಅಕ್ಕೋರು ನನ್ನ ಪಕ್ಕದಲ್ಲಿ ತಾವೂ ಮುಖ ಮುಳುಗಿಸಿ ಗುಳ್ಳೆ ಬಿಟ್ಟು ತೋರಿಸುತ್ತಿದ್ದರು. ಅವರ ಗುಳ್ಳೆಗಳು ಒಂದೇ ಸಮ, ಒಲೆಯ ಮೇಲಿನ ಸಾರು ಸಣ್ಣಗೆ ಕುದಿಯುವ ಹಾಗೆ...

ಇನ್ನೊಂದು ರೋಗ, ತಲೆ ಎತ್ತುವುದು. ಉಸಿರಿಗಾಗಿ ಬದಿಗೆ ಹೊರಳಬೇಕು. ನಾನು ಮುಂದಕ್ಕೆ ತಲೆ ಎತ್ತುತ್ತಿದ್ದೆ. ತಲೆ ಎದ್ದರೆ ಕಾಲು ಮುಳುಗುತ್ತವೆ. ತಕ್ಕಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ದಿಂಬಿನ ಮ್ಯಾಲ ಹೊಳ್ಳಿ ಮಲಗ್ತಿ ನೋಡು, ಹಂಗ. ಒಂದು ಕಿವಿ ನೀರಾಗ ಇರ್ಲಿ" ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ, ಮತ್ತೆ ಎತ್ತುತ್ತಿದ್ದೆ.

ಎರಡು ತಿಂಗಳು ಹೀಗೇ ಕಳೆಯಿತು. ಆಗ ಒಂದು ದಿನ ಈಜುಗೊಳದ ಮ್ಯಾನೇಜರ್ ನಮ್ಮ ತಾಸು ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಕಾದು ನಿಂತಿದ್ದ. ಸ್ಪರ್ಧೆಗೆ ತಯಾರಾಗುವ ಹುಡುಗರಿಗೆ ಇನ್ನೂ ಒಂದು ತಾಸು ಬೇಕಾಗಿದೆಯಂತೆ, ಮುಂದಿನ ವಾರದಿಂದ ಹೆಣ್ಣುಮಕ್ಕಳ ತಾಸು ಇರುವುದಿಲ್ಲವಂತೆ.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ನಿಮ್ಮ ಮಂದಿ ನೀರಾಗ ನಿಂತು ಮಾತಾಡಿ ಹೋಗ್ತಾರ. ಮಾತಾಡಾಕ ನೀರ್ಯಾಕ ಬೇಕ್ರಿ? ಬಾಕಿ ಟೈಮಿನಾಗ ಬರ್ಲಿ, ಎಲ್ಲಾರ ಕೂಡ ಈಸ್ಲಿ."

ಎಲ್ಲರ ಕೂಡ ಅಂದರೆ ಗಂಡಸರ ಕೂಡ. ನನಗೆ ಅದು ಅಷ್ಟು ದೊಡ್ಡದಲ್ಲ, ಸಂತೆಯಲ್ಲಿ ಕೂತವಳು. ಆದರೆ ನಮ್ಮ ಗುಂಪಿನಲ್ಲಿ ಬುರ್ಖಾ ಕಳಚಿಟ್ಟು ನೀರಿಗಿಳಿಯುತ್ತಿದ್ದ ಅಕ್ಕತಂಗಿ ಇದ್ದರು. ಗೇಟಿನ ಹೊರಗೆ ಸ್ಕೂಟರ್ ಮೇಲೆ ಅವರಪ್ಪ ಕಾಯುತ್ತಿದ್ದರು, ಒಳಗೆ ಗಂಡಸರಿಲ್ಲ ಎಂಬ ಒಂದೇ ಭರವಸೆಯ ಮೇಲೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಇದೇ ಕಾರಣ ಹೇಳಿ ಅತ್ತೆಯನ್ನು ಒಪ್ಪಿಸಿ ಬಂದಿದ್ದರು. ಮೊಮ್ಮಕ್ಕಳನ್ನು ಕಂಡ ಅಜ್ಜಿಯೊಬ್ಬರಿದ್ದರು, ದವಾಖಾನೆಯ ಸಿಸ್ಟರ್ ಒಬ್ಬರಿದ್ದರು. ಆ ತಾಸು ಹೋದರೆ ಇವರಿಗೆಲ್ಲ ಈಜೇ ಹೋದಂತೆ. ಅಕ್ಕೋರ ಮುಖ ಸಣ್ಣದಾಗಿದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ಅವರಿಗೆ ಪಾಠ ಹೇಳಲು ಬರುತ್ತಿತ್ತು, ವ್ಯವಹಾರ ಮಾತಾಡಲು ಬರುತ್ತಿರಲಿಲ್ಲ.

ಹಾಗಾಗಿ ನಾನು ಬಾಯಿ ಹಾಕಿದೆ. "ಈಸಾಕ ಬರತೈತಿ ಅಂತ ತೋರಿಸಿದ್ರ ತಾಸು ಬಿಡ್ತೀರೇನ್ರಿ?"

ಮ್ಯಾನೇಜರ್ ನಕ್ಕ. ಹತ್ತು ಮಂದಿ ಹೋಗಿ ಬಂದು ಎರಡು ಸುತ್ತು ಹೊಡೆಯಲಿ, ಇದೇ ವಾರ ಅಂದ. ನಾನು ವಾರವನ್ನು ತಿಂಗಳಿಗೆ ಎಳೆದೆ. ಹತ್ತು ಮಂದಿಯನ್ನು ಆರಕ್ಕೆ ಇಳಿಸಿದೆ. ಎರಡು ಸುತ್ತನ್ನು ಬರೀ ಹೋಗುವುದಕ್ಕೆ ನಿಲ್ಲಿಸಿದೆ, ಇಪ್ಪತ್ತೈದು ಮೀಟರ್, ಫ್ರೀಸ್ಟೈಲ್, ನಡುವೆ ನಿಲ್ಲದ ಹಾಗೆ. ಅವ ಇನ್ನೂ ಅನುಮಾನಿಸುತ್ತಿದ್ದ. ವ್ಯವಹಾರ ಕುದುರುವ ಹಂತದಲ್ಲಿ ಮೇಲೊಂದಿಷ್ಟು ಸುರಿದು ಗಿರಾಕಿಯನ್ನು ಕಟ್ಟಿಹಾಕುವುದು ನನ್ನ ಪದ್ಧತಿ. "ಆರು ಮಂದ್ಯಾಗ ಒಬ್ಬಾಕಿ ನಿಂತ್ರೂ ತಾಸು ನಿಮ್ದು. ಮತ್ತ ಒಂದ್ ಮಾತು ಆಡಂಗಿಲ್ಲ" ಅಂದುಬಿಟ್ಟೆ. ಅವ ಕೈ ಮುಗಿದು ಒಪ್ಪಿ ಹೋದ.

ಗೆದ್ದವಳಂತೆ ತಿರುಗಿದೆ. ಅಕ್ಕೋರು ತಲೆ ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. "ಎಲ್ಲಾ ಇಳಿಸಿದಿ, ಭಾಳ ಛಲೋ ಮಾಡಿದಿ. ಆ ಒಬ್ಬಾಕಿದು ಯಾಕ ಏರಿಸಿದಿ, ಸಾವ್ಕಾರ್ತಿ?"

"ಅಜ್ಜಿದು ಅಂಜಿಕಿ ಏನ್ರಿ? ನಾ ನೋಡ್ಕೋತೇನಿ ಬಿಡ್ರಿ" ಅಂದೆ.

ಅಕ್ಕೋರು ಅಜ್ಜಿಯ ಕಡೆ ನೋಡಲಿಲ್ಲ. ನನ್ನಿಂದ ಕಣ್ಣು ಕಿತ್ತು ನೀರಿನ ಕಡೆ ಹೊರಳಿಸಿದರು.

ಆ ತಿಂಗಳು ನಾವು ಮಾತಾಡುವುದನ್ನು ನಿಲ್ಲಿಸಿದೆವು. ಅಜ್ಜಿ ಹದಿನೈದು ದಿನಕ್ಕೆ ದಂಡೆ ಮುಟ್ಟಿದರು. ನಿಧಾನ, ಆದರೆ ಗಾಣದ ಎತ್ತಿನಂತೆ ನಿಲ್ಲದೆ. ಅಕ್ಕತಂಗಿಯರಂತೂ ಮೀನುಗಳೇ. ಸಿಸ್ಟರ್ ಮುಟ್ಟಿದರು, ಬ್ಯಾಂಕಿನವರು ಮುಟ್ಟಿದರು. ಉಳಿದದ್ದು ನಾನು. ಇಪ್ಪತ್ತು ಮೀಟರ್‌ಗೆ ನನ್ನ ಅಂಗಡಿ ಮುಚ್ಚುತ್ತಿತ್ತು. ಕೈ ಬಡಿದದ್ದೇ ಬಡಿದದ್ದು, ಕಾಲು ಒದ್ದದ್ದೇ ಒದ್ದದ್ದು, ನೀರು ಹಾರುತ್ತಿತ್ತೇ ಹೊರತು ನಾನು ಮುಂದೆ ಹೋಗುತ್ತಿರಲಿಲ್ಲ. ಅಕ್ಕೋರು ಎಣಿಸುತ್ತಿದ್ದರು. "ನಲವತ್ತೊಂದು ಕೈ ಹಾಕಿದಿ, ಇನ್ನೂ ಐದು ಮೀಟರ್ ಬಾಕಿ ಅದ. ಆ ಹುಡುಗಿ ಇಪ್ಪತ್ತೆರಡಕ್ಕ ದಂಡಿ ಮುಟ್ಟಿದಳು. ನೀ ಇಷ್ಟ್ ತುಟ್ಟಿಗೆ ಯಾಕ ಕೊಳ್ತಿ?"

ಆ ಮಾತು ನನಗೆ ನಾಟಿತು. ಆದರೆ ಕಡಿಮೆ ಮಾಡುವುದು ಹೇಗೆಂದು ತಿಳಿಯಲಿಲ್ಲ.

ಒಂದು ಸಂಜೆ ಅಕ್ಕೋರು ಅಂಗಡಿಗೆ ಬಂದರು, ತಮ್ಮನ ಹೆಂಡತಿಗೆ ಸೀರೆ ಬೇಕೆಂದು. ಮದುವೆಯಾಗದ ಅವರು ತಮ್ಮನ ಮನೆಯಲ್ಲೇ ಇದ್ದರು. ನಾನು ಆಗ ಬಾದಾಮಿ ಕಡೆಯಿಂದ ಬಂದ ಒಬ್ಬ ಗಟ್ಟಿ ಗಿರಾಕಿಯ ಜತೆ ವ್ಯವಹಾರದಲ್ಲಿದ್ದೆ. ಅಕ್ಕೋರಿಗೆ ಚಹಾ ತರಿಸಿ ಕೂಡಿಸಿದೆ. ಗಿರಾಕಿ ಸೀರೆಯ ಕೆಂಪು ಸೆರಗನ್ನು ತಿರುವಿ ಮುರುವಿ ನೋಡಿ ಕಡೆಯ ದರ ಹೇಳಿ ಅಂದರು. ನಾನು ಹೇಳಿದೆ. ಹೇಳಿ, ಸುಮ್ಮನಾದೆ.

ಇದು ನನ್ನ ಕಸುಬಿನ ಒಳಗುಟ್ಟು, ಇಂದು ಬಿಟ್ಟಿಯಾಗಿ ಕೊಡುತ್ತಿದ್ದೇನೆ. ದರ ಹೇಳುವ ತನಕ ಎಷ್ಟು ಬೇಕಾದರೂ ಮಾತಾಡಿ. ಹೇಳಿದ ಮೇಲೆ ಉಗುಳು ಕೂಡ ನುಂಗಬೇಡಿ. ಹೊಸಬರು ಅಲ್ಲೇ ಕೆಡುತ್ತಾರೆ, "ನೇಕಾರರಿಗೇ ಇಷ್ಟು ಬೀಳತೈತ್ರಿ, ಆಣಿ ಮಾಡಿ ಹೇಳ್ತೇನಿ" ಎಂದು ಬಡಬಡಿಸುತ್ತಾರೆ. ಒಂದೊಂದು ಮಾತಿಗೂ ದರ ಜಾರುತ್ತದೆ. ನಾನು ಸೀರೆಯ ಮೇಲೆ ಅಂಗೈ ಚಾಚಿ ಇಟ್ಟುಕೊಂಡು ಕೂತೆ. ಗಿರಾಕಿ ನಿಟ್ಟುಸಿರು ಬಿಟ್ಟರು, ಎದ್ದರು, ಮತ್ತೆ ಕೂತರು. "ಹೂಂ, ಕಟ್ರಿ" ಅಂದರು.

ಮರುದಿನ ಅಕ್ಕೋರು ನೀರಿಗಿಳಿದು ನನ್ನ ಎದುರು ನಿಂತು ಕೇಳಿದರು. "ನಿನ್ನೆ ದರ ಹೇಳಿದ ಮ್ಯಾಲೆ ಏನ್ ಮಾಡಿದಿ?"

"ಏನೂ ಮಾಡಲಿಲ್ರಿ. ಸುಮ್ಕ ಕುಂತಿದ್ದೆ."

"ಅಷ್ಟೇ ನೋಡು. ಕೈ ಮುಂದ ಚಾಚಿದಿ ಅಂದ್ರ ದರ ಹೇಳಿದಂಗ. ಇನ್ನು ಸುಮ್ನ ಇರು. ನೀ ಚಾಚಿದ ಕೂಡ್ಲೇ ಗಾಬರಿಯಾಗಿ ಎಳೀತಿ. ಎಳೀಬ್ಯಾಡ. ಮೈ ಉದ್ದ ಮಾಡಿ ಒಂದು ಗಳಿಗಿ ತಡೀ. ನೀರು ತಾನಾಗೇ ಹೂಂ ಅಂತದ."

ಚಾಚಿದೆ. ತಡೆದೆ. ಮೈ ನೀರಿನ ಮೇಲೆ ಜಾರಿತು... ಬೆಣ್ಣೆ ಸವರಿದ ಕಲ್ಲಿನ ಮೇಲೆ ಜಾರಿದ ಹಾಗೆ. ಅದುವರೆಗೆ ನಾನು ನೀರಿನ ಜತೆ ಜಗಳ ಆಡಿದ್ದೆ, ವ್ಯಾಪಾರ ಮಾಡಿರಲಿಲ್ಲ. ಇನ್ನೊಂದು ಕೈ ಬಂದು ಮುಂದೆ ಚಾಚಿದ ಕೈಯನ್ನು ಇನ್ನೇನು ಮುಟ್ಟುತ್ತದೆ ಎನ್ನುವಾಗ ಎಳೆದೆ, ಮೊಣಕೈ ಮೇಲಿಟ್ಟು, ಅಂಗೈಯಿಂದ ನೀರನ್ನು ಹಿಂದಕ್ಕೆ ತಳ್ಳಿ. ಆ ದಿನ ಮೂವತ್ತಾರಕ್ಕೆ ದಂಡೆ ಮುಟ್ಟಿದೆ. ಮುಂದಿನ ವಾರ ಮೂವತ್ತೆರಡು. "ಮೂವತ್ತಕ್ಕ ಕೇಳು, ಕೊಡ್ತದ" ಎಂದು ಅಕ್ಕೋರು ದಂಡೆಯ ಮೇಲೆ ಓಡೋಡಿ ಬರುತ್ತ ಕೂಗುತ್ತಿದ್ದರು. ಅರವತ್ತರ ಹೆಂಗಸು, ಒದ್ದೆ ಫರ್ಶಿಯ ಮೇಲೆ, ಹುಡುಗಿಯ ಹಾಗೆ...

ಪರೀಕ್ಷೆಯ ದಿನ ಮ್ಯಾನೇಜರ್ ಆ ಕಡೆಯ ದಂಡೆಯಲ್ಲಿ ನಿಂತ. ಅಂದು ಅವನೊಬ್ಬನಿಗೆ ಮಾತ್ರ ಒಳಗೆ ಬರಲು ಎಲ್ಲರೂ ಒಪ್ಪಿದ್ದರು, ಅಕ್ಕತಂಗಿಯರ ಅಪ್ಪ ಕೂಡ. ಇಬ್ಬರೂ ಉದ್ದ ತೋಳಿನ ಉಡುಗೆ ತೊಟ್ಟು ಬಂದಿದ್ದರು. ಒಬ್ಬೊಬ್ಬರಾಗಿ ಐವರೂ ದಾಟಿದರು. ಅಜ್ಜಿ ಮುಟ್ಟಿದಾಗ ಮ್ಯಾನೇಜರನೇ ಚಪ್ಪಾಳೆ ಹೊಡೆದ. ಒಳ್ಳೆಯ ಸೀರೆಯನ್ನು ಕಡೆಗೆ ಬಿಚ್ಚುವ ಅಭ್ಯಾಸ ನನಗೆ, ಹಾಗಾಗಿ ನಾನೇ ಕಡೆಯವಳಾಗುತ್ತೇನೆ ಎಂದು ಹೇಳಿದ್ದೆ.

ಚೆನ್ನಾಗಿಯೇ ಹೊರಟೆ. ಚಾಚು, ತಡೆ, ಎಳೆ. ಇಪ್ಪತ್ತರವರೆಗೆ ಎಣಿಸಿದ್ದು ನೆನಪಿದೆ. ಉಸಿರಿಗೆಂದು ಬದಿಗೆ ಹೊರಳಿದಾಗ ಮುಂದಿನ ದಂಡೆಯ ಮೇಲೆ ಮ್ಯಾನೇಜರನ ಬೂಟು ಕಂಡವು. ಬೂಟು ಮಾತ್ರ. ಅವನ ಮುಖ ಹೇಗಿರಬಹುದು ಎಂದು ಒಳಗೊಂದು ಹುಳ ಎದ್ದಿತು. ಒಪ್ಪಿದನೇ? ತುಟಿ ಸಡಿಲವಾಗಿದೆಯೇ, ಹುಬ್ಬು ಇಳಿದಿದೆಯೇ? ಇಪ್ಪತ್ತು ವರ್ಷ ಎದುರಿನವರ ಮುಖ ಓದಿಯೇ ಅನ್ನ ತಿಂದವಳು ನಾನು. ಮುಖ ನೋಡದೆ ಒಂದು ವ್ಯವಹಾರವನ್ನೂ ಮುಗಿಸಿದವಳಲ್ಲ. ಮುಂದಿನ ಉಸಿರಿಗೆ ಬದಿಗೆ ಹೊರಳಲಿಲ್ಲ, ತಲೆ ನೆಟ್ಟಗೆ ಎತ್ತಿ ನೋಡಿದೆ.

ಕಾಲು ಕೆಳಗೆ ಹೋದವು. ಬಾಯಿಗೆ ನೀರು ನುಗ್ಗಿತು. ತಿಳಿಯುವುದರೊಳಗೆ ನಿಂತಿದ್ದೆ, ಎದೆಮಟ್ಟ ನೀರಿನಲ್ಲಿ, ಗೋಡೆಗೆ ನಾಲ್ಕೋ ಐದೋ ಕೈ ಬಾಕಿ ಇರುವಾಗ.

ಎಲ್ಲರೂ ಸುಮ್ಮನಾದರು. ನನ್ನ ಬಾಯಿ ಮಾತ್ರ ಸುಮ್ಮನಾಗಲಿಲ್ಲ. "ಮೀನಖಂಡ ಹಿಡಿತ್ರಿ! ಯವ್ವಾ, ಕಾಲು ಹಿಡಿತು" ಎಂದು ಬಗ್ಗಿ ಕಾಲು ತಿಕ್ಕಿಕೊಂಡೆ. ಸುಳ್ಳು ಎಂದು ಅನ್ನಿಸಲೇ ಇಲ್ಲ, ಅಷ್ಟು ಸಲೀಸಾಗಿ ಬಂತು.

ಮ್ಯಾನೇಜರ್ ಕೆಟ್ಟವನಲ್ಲ. ಅಜ್ಜಿಯ ಈಜು ನೋಡಿ ಅವನ ಮನಸ್ಸು ಅರ್ಧ ಕರಗಿತ್ತು. "ಹೋಗ್ಲಿ ಬಿಡ್ರಿ. ಮೀನಖಂಡ ಹಿಡಿಯೂದು ಯಾರ ಕೈಯಾಗ ಐತಿ? ನಾಳೆ ಇನ್ನೊಮ್ಮೆ ಹೊಡೀರಿ" ಅಂದ. ಐವರೂ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಜ್ಜಿ ದೇವರಿಗೆ ಕೈ ಮುಗಿದರು.

ಆಗ ಅಕ್ಕೋರು ಅಂದರು, "ಮೀನಖಂಡ ಹಿಡಿದಿಲ್ಲ. ತಲಿ ಎತ್ತಿದಳು, ಕಾಲು ಮುಳುಗಿದ್ವು, ನಿಂತಳು."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ದಿನಾ ತಪ್ಪು ತೋರಿಸುವ ಹಾಗೆಯೇ ಹೇಳಿದ್ದರು. ಮ್ಯಾನೇಜರ್ ಅವರನ್ನು ನೋಡಿದ, ನನ್ನನ್ನು ನೋಡಿದ. "ಹಂಗಾದ್ರ ಅಕ್ಕೋರ..." ಎಂದು ಎಳೆದ. ಅವರು ಬೇರೆ ಏನಾದರೂ ಹೇಳಲಿ ಎಂದು ಅವನೇ ಕಾಯುತ್ತಿದ್ದ, ನನಗೆ ಗೊತ್ತು.

"ಹಂಗಾದ್ರ ಮಾತಾಡಿಕೊಂಡಂಗ ಆಗ್ಲಿ" ಅಂದರು ಅಕ್ಕೋರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಅವರ ಮೇಲೆ ಹರಿಹಾಯ್ದೆ. ಅಕ್ಕತಂಗಿಯರಲ್ಲಿ ಚಿಕ್ಕವಳು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಬುರ್ಖಾ ಹಾಕಿಕೊಳ್ಳುತ್ತಿದ್ದಳು, ಗುಂಡಿ ಸಿಗದೆ ಮತ್ತೆ ಮತ್ತೆ ಹುಡುಕುತ್ತ. "ಐದು ಮಂದಿ ಬಾಯಾಗ ಮಣ್ಣು ಹಾಕಿದ್ರಲ್ರಿ! ಅವ ತಾನಾಗೇ ಬಿಟ್ಟಿದ್ದ. ನಿಮಗೇನ್ ಸಿಕ್ತ್ರಿ ಇದರಾಗ?"

ಅಕ್ಕೋರು ಟವೆಲ್ ಹಿಂಡುತ್ತಿದ್ದರು. "ಮೀನಖಂಡ ಅಂತ ನಾನೂ ಹೂಂ ಅಂದಿದ್ರ ನಾಳೆ ನೀ ಕಾಲಿಗೆ ಎಣ್ಣಿ ಹಚ್ಚಿಕೊಂಡು ಬರ್ತಿದ್ದಿ. ತಲಿ ಮತ್ತ ಎತ್ತತಿದ್ದಿ."

"ಎತ್ತತಿದ್ದಿಲ್ರಿ!"

"ಇವತ್ತ ಯಾಕ ಎತ್ತಿದಿ, ಹೇಳು ನೋಡೋಣು."

ನನಗೆ ಗೊತ್ತಿತ್ತು. ಚೀಲ ಎತ್ತಿಕೊಂಡು, "ನಿಮಗ ಮಂದಿಗಿಂತ ಪಾಠ ದೊಡ್ಡದು" ಎಂದು ಹೊರಬಿದ್ದೆ. ಅವರ ಜತೆ ನಾನು ಆಡಿದ ಕಡೆಯ ಮಾತು ಅದು.

ನಾಲ್ಕು ತಿಂಗಳು ಆ ಕಡೆ ಹಾಯಲಿಲ್ಲ. ನವನಗರ ದೊಡ್ಡ ಊರೇನಲ್ಲ, ಆದರೂ ಸಿಟ್ಟು ಇದ್ದವರಿಗೆ ಬೇರೆ ದಾರಿಗಳು ಸಿಗುತ್ತವೆ. ಒಮ್ಮೆ ತರಕಾರಿ ಮಾರ್ಕೆಟ್ಟಿನಲ್ಲಿ ಅವರ ನೆಟ್ಟಗಿನ ಬೆನ್ನು ಕಂಡು ಇನ್ನೊಂದು ಸಾಲಿಗೆ ತಿರುಗಿದೆ. ತಾಸು ಹುಡುಗರ ಪಾಲಾಯಿತು. ಅಕ್ಕತಂಗಿಯರು ಬರುವುದು ನಿಂತಿತು. ಬ್ಯಾಂಕಿನವರು ಸಿಕ್ಕಾಗ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಹಗುರವಾಗುತ್ತಿತ್ತು.

ಸೊಂಟ ಮತ್ತೆ ಹಿಡಿದಾಗ ಬೇರೆ ದಾರಿಯಿಲ್ಲದೆ ಬೆಳಿಗ್ಗೆ ಆರರ ಎಲ್ಲರ ತಾಸಿಗೆ ಹೋಗತೊಡಗಿದೆ. ಪಕ್ಕದ ಸಾಲುಗಳಲ್ಲಿ ಗಂಡಸರು ನೀರು ಸೀಳುತ್ತಿದ್ದರು. ನಾನು ಗೋಡೆ ಪಕ್ಕದ ಸಾಲು ಹಿಡಿದೆ. ಕಲಿಸುವವರಿಲ್ಲ, ಎಣಿಸುವವರಿಲ್ಲ. ಇಪ್ಪತ್ತು ಮೀಟರ್ ಆಯಿತೆಂದರೆ ಸಾಕು, ದಿನಾ ಅದೇ ಜಾಗಕ್ಕೆ ತಲೆ ಏಳುತ್ತಿತ್ತು. ಎದುರಿಗೆ ಯಾರೂ ಇರುತ್ತಿರಲಿಲ್ಲ. ಆದರೂ ಮುಗಿಯಲು ಬಂದಾಗ ಯಾರದೋ ಮುಖ ನೋಡಬೇಕು ಎಂಬ ತುರಿಕೆ. ಹಾಗಾದರೆ ಮ್ಯಾನೇಜರ್ ಇನ್ನೊಮ್ಮೆ ಹೊಡೆಯಿರಿ ಎಂದಿದ್ದ ಆ ಮರುದಿನವೂ ನಾನು ಅಲ್ಲೇ ನಿಲ್ಲುತ್ತಿದ್ದೆ. ಅದು ತಿಳಿಯಲು ನನಗೆ ಮೂರು ವಾರ ಬೇಕಾಯಿತು. ತಪ್ಪು ಕಾಲಿನದಲ್ಲ ಎಂದು ಅವರು ನಾಲ್ಕು ಮಂದಿಯ ಮುಂದೆ ಹೇಳಿರದಿದ್ದರೆ ಇಂದಿಗೂ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆನೋ ಏನೋ...

ಕೊಳದ ತಳದ ಕಪ್ಪು ಗೆರೆ ಬಿಟ್ಟು ಬೇರೇನನ್ನೂ ನೋಡುವುದಿಲ್ಲ ಎಂದು ಹಠ ಹಿಡಿದೆ. ಒಂದು ಬೆಳಿಗ್ಗೆ ಗೋಡೆ ಕೈಗೆ ಬಡಿಯಿತು. ಇಪ್ಪತ್ತಾರು ಕೈ. ಮರುದಿನವೂ ಇಪ್ಪತ್ತಾರು. ಮೂರನೆಯ ದಿನ ಅಂಗಡಿಗೆ ಹೋಗದೆ, ಒದ್ದೆ ಕೂದಲಲ್ಲೇ, ಅಕ್ಕೋರ ಮನೆಗೆ ಹೋದೆ.

ಬಾಗಿಲು ತೆಗೆದದ್ದು ಅವರ ತಮ್ಮ. ನನ್ನ ಗುರುತು ಹೇಳಿಕೊಂಡೆ. ಅವರು ಒಳಗೆ ಕರೆದು, ಕೂಡ್ರಿ ಅಂದು, ನೀರು ತಂದುಕೊಟ್ಟರು. ಆಮೇಲೆ ಹೇಳಿದರು. ಅಕ್ಕೋರಿಗೆ ಹೊಟ್ಟೆಯ ಬೇನೆ ಮೊದಲೇ ಇತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಹೋಗಿ ಇಪ್ಪತ್ತು ದಿನವಾಗಿತ್ತು.

ನೀರಿನ ಲೋಟ ಕೆಳಗಿಟ್ಟೆ. ತಮ್ಮ ಸಾವಕಾಶ ಕೇಳಿದರು. "ಈಸಾಕ ಬಂತೇನ್ರಿ?"

"ಬಂತ್ರಿ."

"ಎಷ್ಟು ಕೈ?"

ಅವರಿಗೆ ಆ ಲೆಕ್ಕ ಗೊತ್ತಿತ್ತು. ಅಂದರೆ ಆ ಮನೆಯಲ್ಲಿ ನನ್ನ ಮಾತು ಬಂದಿತ್ತು, ಊಟಕ್ಕೆ ಕೂತಾಗಲೋ, ರಾತ್ರಿಯ ಬೇನೆಯ ನಡುವೆಯೋ. ಬೆರಳು ಬಿಡಿಸಿ ತೋರಿಸಿದೆ, ಐದೈದಾಗಿ, ಕಡೆಗೊಂದು. ಅವರು ತಲೆಯಾಡಿಸಿದರು.

ಅಕ್ಕೋರು ಮಾಡಿದ್ದು ಪೂರಾ ಸರಿ ಎಂದು ನಾನು ಈಗಲೂ ಹೇಳಲಾರೆ. ನನ್ನ ಒಬ್ಬಳ ಪಾಠಕ್ಕಾಗಿ ಐದು ಮಂದಿ ನೀರು ಬಿಡಬೇಕಾಯಿತು. ಅಕ್ಕತಂಗಿಯರಲ್ಲಿ ಆ ಚಿಕ್ಕವಳು ಮದುವೆಯಾಗಿ ದೂರ ಹೋದಳಂತೆ, ಮತ್ತೆ ಈಸಿದಳೋ ಇಲ್ಲವೋ. ಈ ಲೆಕ್ಕದಲ್ಲಿ ಅರ್ಧ ನನ್ನದು, ಆ ಒಬ್ಬಾಕಿಯ ಮಾತನ್ನು ಏರಿಸಿದವಳು ನಾನೇ. ಇನ್ನರ್ಧ ಅವರದು. ಬದುಕಿದ್ದರೆ ಇದನ್ನು ಅವರ ಎದುರೇ ಹೇಳಿ ಜಗಳಾಡುತ್ತಿದ್ದೆ. ಜಗಳಾಡಲು ಈಗ ಅವರಿಲ್ಲ.

ಏಳು ವರ್ಷದ ಮೇಲೆ ಈಗ ಅಲ್ಲಿ ಬೇರೆ ಮ್ಯಾನೇಜರ್. ಕಾಲೇಜಿನ ಹುಡುಗಿಯರು ಅರ್ಜಿ ಕೊಟ್ಟು ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳ ತಾಸು ಮಾಡಿಸಿಕೊಂಡಿದ್ದಾರೆ. ಅದರಲ್ಲಿ ನನ್ನ ಬಾಯಿಯ ಕೆಲಸ ಏನೂ ಇಲ್ಲ. ಕಲಿಸಲು ಹೆಣ್ಣುಮಕ್ಕಳು ಸಿಗದೆ, ನೀವೇ ದಂಡೆಯ ಮೇಲೆ ನಿಲ್ಲಿ ಎಂದು ನನ್ನನ್ನು ಕೇಳಿದರು. ನಾನು ಅಕ್ಕೋರಲ್ಲ ಅಂದೆ. ಆದರೂ ನಿಲ್ಲುತ್ತೇನೆ.

ನಮ್ಮ ಅಂಗಡಿಗೆ ಬ್ಲೌಸ್ ಹೊಲಿಯುವ ಹೆಣ್ಣುಮಗಳೊಬ್ಬಳು ಈ ತಾಸಿಗೆ ಬರುತ್ತಾಳೆ, ಮೂವತ್ತೆಂಟರವಳು. ಹತ್ತು ಮೀಟರ್‌ಗೆ ನಿಲ್ಲುತ್ತಾಳೆ. ನಿಂತಾಗಲೆಲ್ಲ, "ಕನ್ನಡಕದಾಗ ನೀರು ಹೊಕ್ಕಿತ್ರಿ" ಅನ್ನುತ್ತಾಳೆ. ಕನ್ನಡಕ ಒಣಗಿಯೇ ಇರುತ್ತದೆ. ನಾನೇ ಆರಿಸಿ ಕೊಡಿಸಿದ್ದು. ಮೂರು ಸಲ, ಬಿಗಿ ಮಾಡ್ಕೊ ಅಂದೆ. ಆಕೆಗೂ ಹಿತ, ನನಗೂ ಹಿತ. ಹೋದ ಮಂಗಳವಾರ ತಡೆಯಲಾಗಲಿಲ್ಲ. "ಕನ್ನಡಕದಾಗ ಏನೂ ಹೊಕ್ಕಿಲ್ಲ. ಉಸಿರು ಬಿಡವಲ್ಲಿ, ಅದಕ್ಕ ನಿಲ್ತಿ" ಅಂದೆ. ಉಳಿದವರು ಕೇಳಿಸಿಕೊಂಡರು. ಆಕೆಯ ಮುಖ ಕಪ್ಪಾಯಿತು. ಮೆಟ್ಟಿಲೇರಿ ಹೋದಳು.

ಶುಕ್ರವಾರ ಬರಲಿಲ್ಲ. ಹೊಲಿದ ಬ್ಲೌಸ್‌ಗಳನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದಳು. ನಾನು ಆ ತಾಸು ಪೂರ್ತಿ ಗೇಟಿನ ಕಡೆ ನೋಡುತ್ತ ನಿಂತಿದ್ದೆ. ನಾಲ್ಕು ತಿಂಗಳು, ಹೊಟ್ಟೆಯಲ್ಲಿ ಬೇನೆ ಇಟ್ಟುಕೊಂಡು, ಅಕ್ಕೋರು ಯಾವ ಬಾಗಿಲಿನ ಕಡೆ ನೋಡುತ್ತಿದ್ದರೋ... ಅವರು ಒಮ್ಮೆ ಅಂಗಡಿಗೆ ಬಂದು ಕರೆದಿದ್ದರೆ ನಾನು ಹೋಗುತ್ತಿದ್ದೆ. ಆದರೆ ಅವರು ಕಲಿಸುವ ಮನೆತನದವರು, ಕಲಿಯುವವರೇ ಬರಬೇಕು ಎನ್ನುವವರು.

ನಾನು ಹಾಗಲ್ಲ. ಗಂಟು ಹೊತ್ತು ಗಿರಾಕಿಯ ಬಾಗಿಲಿಗೆ ಹೋಗಿಯೇ ದೊಡ್ಡವಳಾದೆ. ನಾಳೆ ಆಕೆಯ ಮನೆಗೆ ಹೋಗುತ್ತೇನೆ, ಚಹಾ ಕೊಟ್ಟರೆ ಕುಡಿಯುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ, ಬಾ ಎಂದು ಕರೆಯುತ್ತೇನೆ. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.